ಕೋಟಿನ ಎಡಭುಜ

ಹಳೆಯ ಸಿನಿಮಾ ಕೋಟು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಕಾಲರಿನೊಳಗೆ ಇಳಿದು, ಲೈನಿಂಗ್ ಸವರಿಕೊಂಡು ಹೋಗಿ, ಎಡಭುಜದ ಅಡಿಯಲ್ಲಿ ತಡಕಾಡಿಯೇ ಹೊರಬರುತ್ತದೆ. ಎಷ್ಟೋ ವರ್ಷದಿಂದ ನನ್ನ ಬಾಳೇ ಇದಾಗಿಬಿಟ್ಟಿದೆ. ಅಕ್ಟೋಬರಿನಲ್ಲಿ ಲೋನ್ ಪೈನ್ ಊರು, ಚಳಿ ಕಳೆದ ಮೇಲೆ ಟೂಸಾನ್, ನಡುವೆ ಎಲ್ಲೆಲ್ಲಿ ಕೌಬಾಯ್ ಸಿನಿಮಾದ ಹುಚ್ಚರು ಮೇಜು ಹಾಕಿ ನಟರ ಹಳೇ ಟೊಪ್ಪಿಗೆ, ಬೂಟು, ಕುದುರೆಯ ಜೀನು ಹರಡಿಕೊಂಡು ಕೂರುತ್ತಾರೋ ಅಲ್ಲೆಲ್ಲ ನಾನು ಹಾಜರು. “ವರ್ನಾ ಬಂದ್ಳು, ಜೇಬು ಭದ್ರ ಮಾಡ್ಕೊಳ್ರಪ್ಪ” ಎಂದು ಗಂಡಸರು ಕಿಚಾಯಿಸುತ್ತಾರೆ. ಕಿಚಾಯಿಸಲಿ. ಮೊಮ್ಮಕ್ಕಳನ್ನು ಕಂಡ ಇವರೇನು ಕಡಿಮೆಯೇ? ಯಾವನೋ ನಟ ಗಡ್ಡ ಕೆರೆದುಕೊಂಡ ರೇಜರನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಅದರ ಮುಂದೆ ಚರ್ಚಿನಲ್ಲಿ ನಿಂತ ಹಾಗೆ ನಿಲ್ಲುವ ಜನ ಇವರು.

ಆ ಕೂಟಕ್ಕೆ ನನ್ನ ಬಗ್ಗೆ ಗೊತ್ತಿದ್ದದ್ದು ಇಷ್ಟೇ: ಬೇಕರ್ಸ್‌ಫೀಲ್ಡಿನ ವರ್ನಾ ಲೂಮಿಸ್‌ಗೆ ಬಕ್ ಟ್ರೆವನ್ ಎಂದರೆ ಪ್ರಾಣ. ಲೂಮಿಸ್ ಎನ್ನುವುದು ನನ್ನ ಎರಡನೆಯ ಗಂಡನ ಹೆಸರು, ಆ ಪುಣ್ಯಾತ್ಮನಿಂದ ನನಗೆ ಉಳಿದದ್ದು ಅದೊಂದೇ. ಇನ್ನು ಬಕ್ ಟ್ರೆವನ್ ವಿಷಯಕ್ಕೆ ಬಂದರೆ, ಅವನ ಹೆಸರು ಕೇಳಿದರೆ ನನಗೆ ಮೈ ಉರಿಯುತ್ತದೆ. ಸಾಹಸವೆಲ್ಲ ಅವನ ಸ್ವಂತದ್ದು ಎಂದು ಪೋಸ್ಟರಿನಲ್ಲಿ ಹಾಕಿಸಿಕೊಂಡಿದ್ದ. ಕುರ್ಚಿಯಿಂದ ಕೂಡ ಜಿಗಿದ ಮನುಷ್ಯನಲ್ಲ. ಓಡುವ ಬಂಡಿಯಿಂದ, ಮಾಳಿಗೆಯಿಂದ, ಕಿಟಕಿಯ ಗಾಜು ಒಡೆದುಕೊಂಡು ಜಿಗಿದವನು ನನ್ನ ಅಪ್ಪ, ಲೈಮನ್ ಟಕೆಟ್. ಟ್ರೆವನ್ನನ ಡ್ಯೂಪ್.

ಡ್ಯೂಪ್‌ಗೂ ಹೀರೋಗೂ ಒಂದೇ ಥಾನಿನ ಬಟ್ಟೆಯಲ್ಲಿ ಕೋಟು ಹೊಲಿಸುತ್ತಾರೆ. ಎರಡರ ಕಾಲರಿನಲ್ಲೂ ಹೀರೋ ಹೆಸರಿನ ಪಟ್ಟಿ. ಡ್ಯೂಪ್‌ನ ಹೆಸರು ಎಲ್ಲೂ ಇರುವುದಿಲ್ಲ. ಹಾಗಾಗಿ ಅಪ್ಪ ಬೆವರು ಸುರಿಸಿದ ಕೋಟುಗಳೆಲ್ಲ ಇವತ್ತು ಟ್ರೆವನ್ನನ ಕೋಟುಗಳಾಗಿ ಗಾಜಿನ ಹಿಂದೆ ನಿಂತಿವೆ. ನನಗೆ ಬೇಕಾಗಿದ್ದದ್ದು ಅವುಗಳಲ್ಲಿ ಒಂದೇ ಒಂದು. ನಾನು ಆರು ವರ್ಷದವಳಿದ್ದಾಗ ಅಪ್ಪ ಬಂಡೆಯ ಮೇಲಿಂದ ಬೀಳುವ ದೃಶ್ಯ ಮಾಡಲು ಹೋಗಿ ಸತ್ತ. ಅವನನ್ನು ಮನೆಗೆ ತಂದಾಗ ಮೈಮೇಲೆ ಅಂಗಿ ಮಾತ್ರ ಇತ್ತು. ಕೋಟು ಕಂಪನಿಯದು, ಇನ್ನೂ ಚಿತ್ರೀಕರಣ ಬಾಕಿಯಿದೆ ಎಂದು ಬಿಚ್ಚಿಕೊಂಡು ಹೋಗಿದ್ದರು. ಅಮ್ಮ ಸಾಯುವವರೆಗೆ ಆ ಕೋಟಿನ ಮಾತಾಡಿದಳು, ಸಿಟ್ಟು ಬಂದಾಗಲೂ, ಜ್ವರ ಬಂದಾಗಲೂ.

ಅಪ್ಪನ ಎಡಭುಜ ಕಾಡುಕುದುರೆ ಏರುವ ರೋಡಿಯೋ ಆಟದಲ್ಲಿ ಮುರಿದು ಇಳಿಬಿದ್ದಿತ್ತು. ಟ್ರೆವನ್ನನ ಭುಜ ಹಲಗೆಯಂತೆ ನೇರ. ಅಪ್ಪ ಅವನಂತೆ ಕಾಣಬೇಕಲ್ಲ, ಅದಕ್ಕೆ ಎಡಗಡೆ ಒಂದು ಪ್ಯಾಡು ಬೇಕಿತ್ತು. ಕಂಪನಿಯವರು ಹಾಕಿಕೊಟ್ಟದ್ದು ಜಾರುತ್ತದೆಂದು ಅಮ್ಮನೇ ಕುದುರೆ ಕೂದಲು ತುಂಬಿ, ಜೀನು ಹೊಲಿಯುವ ದಪ್ಪ ದಾರದಲ್ಲಿ ಹೊಲಿದುಕೊಡುತ್ತಿದ್ದಳು. ಆ ಕೊನೆಯ ಕೋಟಿಗೆ ಹೊಲಿಯುವಾಗ ಕಪ್ಪು ದಾರ ಮುಗಿದು ಕೆಂಪು ದಾರ ಹಾಕಿದಳು. ದಾರಕ್ಕೆ ಮೇಣ ಸವರಿದವಳು ನಾನು. ಅಪ್ಪ ಪಕ್ಕದಲ್ಲಿ ನಿಂತು, ಬೇಗ ಬೇಗ ಎಂದು ನನ್ನ ತಲೆ ಮೊಟಕುತ್ತಿದ್ದ. ಆ ಕೈ ನೆನಪಿದೆ, ಮುಖ ನೆನಪಿಲ್ಲ. ಮನೆಯಲ್ಲಿದ್ದ ಒಂದೇ ಒಂದು ಮದುವೆ ಫೋಟೋದಲ್ಲಿ ಅವನ ಮುಖದ ಮೇಲೆ ಟೊಪ್ಪಿಗೆಯ ನೆರಳು ಬಿದ್ದಿದೆ.

ಇದನ್ನು ನಾನು ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ. ಈ ದಂಧೆಯಲ್ಲಿ ಏನು ಹುಡುಕುತ್ತಿದ್ದೇನೆಂದು ಹೇಳಿದರೆ ಕೆಟ್ಟಂತೆಯೇ. ಎಡಭುಜ ದಪ್ಪಗಿರುವ ಕೋಟು ಬೇಕೆಂದು ಒಂದು ಸಲ ಅಂದುಬಿಟ್ಟಿದ್ದರೆ, ಮುಂದಿನ ಸಂತೆಯ ಹೊತ್ತಿಗೆ ನಾಲ್ಕಾರು ಜನ ಗೂನು ಭುಜದ ಕೋಟು ಹಿಡಿದುಕೊಂಡು ನನ್ನ ಮುಂದೆ ನಿಂತಿರುತ್ತಿದ್ದರು. ಹಾಗಾಗಿ ಸುಮ್ಮನೆ ಕೈ ಹಾಕಿ ನೋಡುವುದು, ಇಲ್ಲವೆಂದು ಮುಂದಕ್ಕೆ ಹೋಗುವುದು. ಒಂದು ಮೇಜಿನ ಮುಂದೆ ನಿಂತಿರುವಾಗಲೇ ಮುಂದಿನ ಮೇಜಿನ ಕೋಟನ್ನು ಯಾರಾದರೂ ಒಯ್ದುಬಿಟ್ಟರೆ ಎಂದು ಕಣ್ಣು ಅಲ್ಲೇ ಇರುತ್ತಿತ್ತು.

ತೊಂಬತ್ತೊಂಬತ್ತರ ಶರತ್ಕಾಲದಲ್ಲಿ ಒರಿನ್ ಹಕಬೀ ಫೋನ್ ಮಾಡಿದ. ಒರಿನ್ ಬಿಷಪ್ ಊರಿನವನು. ಹೆದ್ದಾರಿಯ ಹಿಮ ತೆಗೆಯುವ ಗಾಡಿ ಓಡಿಸಿ ನಿವೃತ್ತನಾದವನು. ಟ್ರೆವನ್ ಎಂದರೆ ನಿಜಕ್ಕೂ ಪ್ರಾಣ ಬಿಡುವವನು ಅವನೇ. ಒಳ್ಳೆಯ ಮನುಷ್ಯ, ಅದನ್ನು ಹೇಳಲೇಬೇಕು. ನನ್ನ ಪಿಕಪ್ ಎಲ್ಲೆಲ್ಲೋ ಕೆಟ್ಟು ನಿಂತಾಗ ಎರಡು ಸಲ ಬಂದು ಎಳೆದುಕೊಂಡು ಹೋಗಿದ್ದಾನೆ. ಅವತ್ತು ಅವನು ಹಲೋ ಕೂಡ ಅನ್ನಲಿಲ್ಲ. ಬಂಡೆಯಿಂದ ಬೀಳುವ ಆ ಚಿತ್ರದ ಮಣ್ಣುಬಣ್ಣದ ಕೋಟು ಸಿಕ್ಕಿದೆ ಎಂದ. ಮುಚ್ಚಿಹೋದ ಯಾವುದೋ ವೇಷಭೂಷಣದ ಗೋದಾಮಿನಿಂದ ಕೈಬದಲಾಗಿ ಬಂದದ್ದಂತೆ. ಶನಿವಾರ ಊರಿನ ಹೊಸ ಮ್ಯೂಸಿಯಮ್ಮಿಗೆ ಕೊಟ್ಟುಬಿಡುತ್ತಾನಂತೆ, ಅದಕ್ಕೆ ಮುಂಚೆ ಒಂದು ಸಲ ನೋಡಿ ಹೋಗು ಎಂದ.

ಫೋನ್ ಇಟ್ಟವಳು ಒಲೆ ಆರಿಸಿದೆನೋ ಇಲ್ಲವೋ ಗೊತ್ತಿಲ್ಲ. ಮರುಭೂಮಿ ದಾಟಿ ಬಿಷಪ್‌ನ ಹೆದ್ದಾರಿ ಹಿಡಿದು ಓಡಿಸಿದ ದಾರಿಯೂ ನೆನಪಿಲ್ಲ. ಒಂದು ಕಡೆ ಕಾಫಿಗೆ ನಿಲ್ಲಿಸಿ, ಕಾಫಿ ಬರುವ ಮೊದಲೇ ಎದ್ದುಬಂದೆ. ಒಂದು ಕೋಟು ಟ್ರೆವನ್ನನದು, ಇನ್ನೊಂದು ಅಪ್ಪನದು, ಸಿಕ್ಕಿರುವುದು ಯಾವುದೋ ಎಂದು ತಲೆ ಕೊರೆಯುತ್ತಿತ್ತು. ಮ್ಯೂಸಿಯಮ್ಮಿನ ಗಾಜಿನೊಳಗೆ ಸೇರಿದರೆ ಮುಗಿಯಿತು, ಬೀಗ ಹಾಕಿದ ಕೋಟಿನೊಳಕ್ಕೆ ಯಾರೂ ಕೈ ಬಿಡುವುದಿಲ್ಲ.

ಒರಿನ್ನನ ಹೆಂಡತಿ ಮೇವಿಸ್ ಬಾಗಿಲು ತೆಗೆದಳು. ನನ್ನ ಮುಖ ನೋಡಿದವಳೇ, “ಏನೇ ವರ್ನಾ, ಪೊಲೀಸ್ರು ಅಟ್ಟಿಸ್ಕೊಂಡ್ ಬಂದ್ರಾ?” ಎಂದಳು. ಪೀಚ್ ಪೈ ಒಲೆಯಲ್ಲಿದೆ, ತಿಂದು ಹೋಗಬೇಕು ಎಂದಳು. ನಾನು ಅವಳನ್ನು ದಾಟಿಕೊಂಡು ಒಳಗೆ ಹೋದೆ.

ನಡುಮನೆಯಲ್ಲಿ, ದರ್ಜಿಯ ಬೊಂಬೆಯ ಮೇಲೆ, ಆ ಕೋಟು. ಒರಿನ್ ಪಕ್ಕದಲ್ಲಿ ಮದುಮಗಳ ತಂದೆಯ ಹಾಗೆ ನಿಂತಿದ್ದ. ಕೈಗವಸು ಕೊಟ್ಟ. ಹಾಕಿಕೊಳ್ಳದೆ ಕಾಲರಿನೊಳಗೆ ಕೈ ಇಳಿಸಿದೆ. ನುಣ್ಣಗಿನ ಹೊಸ ರೇಷ್ಮೆ. ಎಡಭುಜದ ಕೆಳಗೆ ಹೋದೆ. ಅಲ್ಲೂ ರೇಷ್ಮೆ. ಏನೂ ಇಲ್ಲ. ಬಲಗಡೆ ಇದ್ದ ಹಾಗೆಯೇ ಎಡಗಡೆಯೂ ತೆಳ್ಳಗೆ, ನೇರವಾಗಿ ಇತ್ತು. ಅಯ್ಯೋ, ಇದು ಆ ಬೋಳೀಮಗ ಟ್ರೆವನ್ನನದೇ ಎಂದು ಕೈ ಹೊರಗೆಳೆದುಕೊಂಡೆ.

ಆಗ ಒರಿನ್ ಜಂಬದಿಂದ ಶುರು ಮಾಡಿದ. ಕೋಟು ಬಂದಾಗ ನೋಡಬೇಕಿತ್ತಂತೆ, ಒಳಗೆಲ್ಲ ಚಿಂದಿ. ಟ್ರೆವನ್ ಆದ ಮೇಲೆ ಯಾರೋ ಬೇರೆಯವರು ತೊಟ್ಟು ಹಾಳು ಮಾಡಿದ್ದರಂತೆ. “ಎಡಗಡೆ ಭುಜಕ್ಕೆ ಒಂದು ಗೂನು ಹೊಲ್ದಿದ್ರು ಕಣೇ, ಯಾವನೋ ಕಟುಕ. ಬಕ್ ಭುಜ ಹ್ಯಾಗಿತ್ತು ಅಂತ ನಮಗ್ಗೊತ್ತಿಲ್ವಾ? ಅದನ್ನೆಲ್ಲ ಕಿತ್ತುಹಾಕಿ, ಅವನು ತೊಟ್ಟಾಗ ಹ್ಯಾಗಿತ್ತೋ ಹಾಗೇ ಮಾಡ್ಸಿದೀನಿ” ಎಂದ.

ನನ್ನ ಜನ್ಮದಲ್ಲಿ ನಾನು ಯಾರನ್ನೂ ಹೊಡೆದವಳಲ್ಲ, ಎರಡನೇ ಗಂಡನನ್ನು ಬಿಟ್ಟರೆ. ಅವತ್ತು ಒರಿನ್ನನ ಕೊರಳಪಟ್ಟಿ ಹಿಡಿದೆ. ಕಿತ್ತದ್ದನ್ನು ಏನು ಮಾಡಿದೆ ಎಂದು ಕೇಳಿದೆ. ಅವನು ಬೆಪ್ಪಾಗಿ ಮೇವಿಸಳ ಕಡೆ ನೋಡಿದ. ಕಸಕ್ಕೆ ಹಾಕಿದೆಯಾ, ಸುಟ್ಟೆಯಾ ಎಂದು ನಾನು ಅವನನ್ನು ಅಲ್ಲಾಡಿಸುತ್ತಲೇ ಇದ್ದೆ. ಮೇವಿಸ್ ಒಲೆಯ ಬಟ್ಟೆ ಹಿಡಿದುಕೊಂಡು ಬಂದು, ನಿಧಾನವಾಗಿ ನನ್ನ ಬೆರಳು ಬಿಡಿಸಿದಳು. ಕುದುರೆ ಕೂದಲು ಒಳ್ಳೆಯದಿತ್ತು, ಬಿಸಾಡಲು ಮನಸ್ಸಾಗಲಿಲ್ಲ, ನಾಯಿಯ ಹಾಸಿಗೆಯೊಳಗೆ ತುಂಬಿದೆ ಎಂದಳು.

ನಾಯಿ ಹಿಂದಿನ ವರಾಂಡದಲ್ಲಿ ಮಲಗಿತ್ತು. ಮುದಿ ನಾಯಿ, ಒಂದು ಕಣ್ಣು ಬೆಳ್ಳಗಾಗಿದೆ. ಏಳು ಎಂದರೆ ಬಾಲ ಬಡಿಯಿತೇ ಹೊರತು ಜಗ್ಗಲಿಲ್ಲ. ಅದನ್ನು ಹಾಸಿಗೆ ಸಮೇತ ಎಳೆದು, ಪಕ್ಕಕ್ಕೆ ಉರುಳಿಸಿ, ಹಾಸಿಗೆಯ ಹೊಲಿಗೆಯನ್ನು ಅಡುಗೆ ಚಾಕುವಿನಿಂದ ಬಿಚ್ಚಿದೆ. ಹಳೇ ಟವೆಲು, ಹರಿದ ಕಾಲುಚೀಲ, ಮೇವಿಸಳ ಸವೆದ ಗೌನು ಒಂದೊಂದಾಗಿ ಬಂದವು. ಕೊನೆಗೆ ಹಸ್ತದಗಲದ ಒಂದು ಗಟ್ಟಿ ಮುದ್ದೆ ಕೈಗೆ ಸಿಕ್ಕಿತು. ಮೇವಿಸ್ ಅದನ್ನು ಬಿಡಿಸುವ ಗೋಜಿಗೆ ಹೋಗದೆ ಹಾಗೇ ತುಂಬಿದ್ದಳು. ಅಂಚಿನ ಸುತ್ತಲೂ ಕೆಂಪು ದಾರ. ಮಾಸಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಉಗುರಿನಿಂದ ಕೆರೆದರೆ ಮೇಣ ಬಂತು.

ನಾನು ವರಾಂಡದ ನೆಲದ ಮೇಲೆ ಕೂತು ಗೊಳೋ ಎಂದು ಅತ್ತೆ. ನಾಚಿಕೆಯೇನೂ ಆಗಲಿಲ್ಲ. ನಾಯಿ ಬಂದು ಆ ಪ್ಯಾಡನ್ನು ಮೂಸಿತು, ಅದರದ್ದೇ ಆಸ್ತಿ ನಾನು ಕದ್ದ ಹಾಗೆ. ಮೇವಿಸ್ ನನ್ನ ಬೆನ್ನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಅವರಿಬ್ಬರಿಗೂ ಎಲ್ಲವನ್ನೂ ಹೇಳಿಬಿಟ್ಟೆ. ಅಪ್ಪ, ಭುಜ, ದಾರ, ಅಮ್ಮ, ಎಲ್ಲ.

ಒರಿನ್ ನಂಬಲಿಲ್ಲ. ಹ್ಯಾಗೆ ನಂಬುತ್ತಾನೆ ಪಾಪ. ಅವನು ಹುಡುಗನಾಗಿದ್ದಾಗ ಊರಿನ ಅಂಗಡಿಯೊಂದರ ಉದ್ಘಾಟನೆಗೆ ಟ್ರೆವನ್ ಬಂದು ಅವನ ಕೈ ಕುಲುಕಿದ್ದನಂತೆ. ನೀವೇ ಜಿಗೀತೀರಾ ಎಂದು ಇವನು ಕೇಳಿದ್ದಕ್ಕೆ, ಮತ್ತಿನ್ಯಾರಪ್ಪ ಎಂದಿದ್ದನಂತೆ. “ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ್ದಾನೆ ವರ್ನಾ. ನನ್ನ ಮನೇಲಿ ನಿಂತ್ಕೊಂಡು ಅವನನ್ನ ಸುಳ್ಳ ಅನ್ಬೇಡ” ಎಂದು ಮುಖ ಕೆಂಪಗೆ ಮಾಡಿಕೊಂಡ.

ನಾನೂ ಬಿಡಲಿಲ್ಲ. ತಾಳೆ ನೋಡು ಎಂದೆ. ನಮ್ಮ ಕೂಟದಲ್ಲಿ ಇದಕ್ಕಿಂತ ದೊಡ್ಡ ಮಾತಿಲ್ಲ. ಚರ್ಮದ ಗೀರನ್ನು ಚಿತ್ರದಲ್ಲಿ ಕಾಣುವ ಗೀರಿಗೆ, ಗುಂಡಿಯ ಬಿರುಕನ್ನು ಬಿರುಕಿಗೆ ತಾಳೆ ಹಾಕಿದ ಮೇಲೆ ದೇವರೇ ಬಂದು ಹೇಳಿದರೂ ತೀರ್ಪು ಬದಲಾಗುವುದಿಲ್ಲ. ಒರಿನ್ ಅದರಲ್ಲಿ ಎತ್ತಿದ ಕೈ, ದೂರದೂರದವರು ಅವನಿಗೇ ವಸ್ತು ಕಳಿಸಿ ತೀರ್ಮಾನ ಕೇಳುತ್ತಾರೆ. ಅವನು ಕೋಟನ್ನು ಬೊಂಬೆಯಿಂದ ಇಳಿಸಿ ಊಟದ ಮೇಜಿನ ಮೇಲೆ ಮಲಗಿಸಿದ. ಬ್ಲೇಡು ತಂದು, ತಾನೇ ಹಾಕಿಸಿದ ಹೊಸ ರೇಷ್ಮೆಯನ್ನು ಎಡಭುಜದ ಹತ್ತಿರ ಬಿಚ್ಚಿದ. ಒಳಗಿನ ಗಡಸು ಬಟ್ಟೆಯಲ್ಲಿ ದಪ್ಪ ಸೂಜಿಯ ತೂತುಗಳು ಒಂದು ಸಾಲಾಗಿ ಕಂಡವು. ಕೆಲವಕ್ಕೆ ಕೆಂಪು ಎಳೆ ಇನ್ನೂ ಸಿಕ್ಕಿಕೊಂಡಿತ್ತು.

ಪ್ಯಾಡನ್ನು ನನ್ನ ಕೈಯಿಂದ ತೆಗೆದುಕೊಂಡು, ಕನ್ನಡಕ ಹಣೆಗೇರಿಸಿ, ಅದನ್ನು ಆ ಜಾಗದಲ್ಲಿಟ್ಟ. ತಿರುಗಿಸಿದ. ಮತ್ತೆ ತಿರುಗಿಸಿದ. ಒಂದು ಕಡೆ ಅಮ್ಮನ ಹೊಲಿಗೆ ಸೊಟ್ಟಗಾಗಿತ್ತು, ಬಹುಶಃ ಅಪ್ಪ ಅವಸರ ಮಾಡಿದಾಗ. ಕೋಟಿನ ತೂತುಗಳೂ ಅದೇ ಜಾಗದಲ್ಲಿ ಸೊಟ್ಟಗಿದ್ದವು. ಒಂದೊಂದು ತೂತನ್ನೂ ಅವನು ಬೆರಳಿಟ್ಟು ಮುಟ್ಟಿದ. ಆ ಹೊತ್ತಿನಲ್ಲಿ ನನಗೆ ಅವನ ಮೇಲಿದ್ದ ಸಿಟ್ಟೆಲ್ಲ ಇಳಿದು ಸಂಕಟವಾಯಿತು.

ಬಂಡಿಯಿಂದ ಜಿಗಿದದ್ದೂ ನಿನ್ನ ಅಪ್ಪನೇನಾ ಎಂದು ಕೇಳಿದ. ಹೌದೆಂದೆ. ಕಿಟಕಿ ಒಡೆದದ್ದು? ಅದೂ ಎಂದೆ. ಆಮೇಲೆ ದನಿ ತಗ್ಗಿಸಿ, “ಬಂಡೆ ಮೇಲಿಂದ ಬಿದ್ದದ್ದು?” ಎಂದ.

“ಅದೇ ಕೊನೇದು ಒರಿನ್. ಬಿದ್ದವನು ಏಳ್ಲಿಲ್ಲ. ಆ ಶಾಟನ್ನ ಚಿತ್ರದಲ್ಲಿ ಹಾಗೇ ಬಿಟ್ಕೊಂಡ್ರು.”

ಒರಿನ್ ಕುರ್ಚಿ ಎಳೆದುಕೊಂಡು ಕೂತುಬಿಟ್ಟ. ಆ ಚಿತ್ರ ಈ ಊರಿಗೆ ಬಂದಾಗ ಇದ್ದ ಶನಿವಾರಗಳನ್ನೆಲ್ಲ ಥಿಯೇಟರಿನಲ್ಲೇ ಕಳೆದಿದ್ದನಂತೆ. ಆ ದೃಶ್ಯ ಬಂದಾಗ ಹುಡುಗರೆಲ್ಲ ಕುರ್ಚಿ ಮೇಲೆ ಹತ್ತಿ ನಿಲ್ಲುತ್ತಿದ್ದರಂತೆ. “ನಾನು ಚಪ್ಪಾಳೆ ಹೊಡ್ದೆ ಕಣೇ. ಒಬ್ಬ ಮನುಷ್ಯ ಸಾಯ್ತಿದ್ದ, ನಾನು ಕಾಲು ಕುಟ್ಟಿ ಶಿಳ್ಳೆ ಹಾಕ್ದೆ” ಎಂದ.

ಕಪಾಳಕ್ಕೆ ಬಿಡಬೇಕು ಅನ್ನಿಸಿದ್ದು ನಿಜ. ಆದರೆ ಕೈ ಏಳಲಿಲ್ಲ. ಇಷ್ಟು ವರ್ಷ ನಾನು ಅಂದುಕೊಂಡಿದ್ದದ್ದು ಏನೆಂದರೆ, ಅಪ್ಪ ಸತ್ತದ್ದನ್ನು ಕೂಲಿ ಲೆಕ್ಕದ ಗುಮಾಸ್ತನೊಬ್ಬನನ್ನು ಬಿಟ್ಟರೆ ಯಾರೂ ಗಮನಿಸಲಿಲ್ಲ ಎಂದು. ಇಲ್ಲಿ ನೋಡಿದರೆ ಊರೂರಿನ ಹುಡುಗರು ಕುರ್ಚಿ ಮೇಲೆ ನಿಂತು ನೋಡಿದ್ದಾರೆ. ನೋಡದವಳು ನಾನೊಬ್ಬಳೇ. ಆ ಚಿತ್ರ ನೋಡಕೂಡದೆಂದು ಅಮ್ಮ ನನ್ನಿಂದ ಆಣೆ ಹಾಕಿಸಿಕೊಂಡಿದ್ದಳು. ನಾನೂ ಪಾಲಿಸಿಕೊಂಡು ಬಂದಿದ್ದೆ, ಭಯವೂ ಇತ್ತು.

ನೋಡಿದರೂ ಏನಿರುತ್ತದೆ ಬಿಡು, ಬೆನ್ನು ತಾನೇ, ಡ್ಯೂಪ್‌ನ ಮುಖ ಕಂಡರೆ ಅವನ ಕೆಲಸವೇ ಹೋಗುತ್ತಿತ್ತು ಎಂದೆ ಅವನಿಗೆ.

ಒರಿನ್ ತಲೆಯೆತ್ತಿದ. “ಕಾಣ್ಸುತ್ತೆ” ಎಂದ.

ಬೀಳುವ ಮೊದಲು ಅವನು ಒಂದು ಗಳಿಗೆ ಹಿಂದಕ್ಕೆ ತಿರುಗುತ್ತಾನಂತೆ. ಅಲ್ಲಿ ಬೆಳಕು ಕೆಟ್ಟಿದೆ, ಅದಕ್ಕೇ ಬಕ್ ಬೇರೆಯವನ ಹಾಗೆ ಕಾಣುತ್ತಾನೆ ಎಂದು ಇವರೆಲ್ಲ ತಮ್ಮತಮ್ಮಲ್ಲೇ ಸಮಾಧಾನ ಹೇಳಿಕೊಂಡು ಬಂದಿದ್ದರಂತೆ. ಅದರ ಬಗ್ಗೆ ಒರಿನ್ ಒಂದು ಸಲ ಸಭೆಯಲ್ಲಿ ಭಾಷಣವನ್ನೂ ಮಾಡಿದ್ದನಂತೆ. ಅದನ್ನು ಹೇಳುವಾಗ ನಗಲು ಹೋಗಿ ಅತ್ತುಬಿಟ್ಟ. ಚಿತ್ರದ ಹಳೆಯ ರೀಲು ಅವನ ಹತ್ತಿರವೇ ಇತ್ತು, ಒಳಗಿನ ಕೋಣೆಯಲ್ಲಿ ಪ್ರೊಜೆಕ್ಟರ್ ಸಮೇತ.

ಅವನು ಕೋಟನ್ನು ಎತ್ತಿ, ಪ್ಯಾಡನ್ನು ಅದರೊಳಗಿಟ್ಟು, ಎರಡನ್ನೂ ನನ್ನ ಮಡಿಲಿಗೆ ಹಾಕಿದ. ಶನಿವಾರದ ಮಾತು ತಾನು ನೋಡಿಕೊಳ್ಳುತ್ತೇನೆ, ಮ್ಯೂಸಿಯಮ್ಮಿನವರಿಗೆ ಬೇರೆ ಏನಾದರೂ ಕೊಡುತ್ತೇನೆ ಎಂದ. ಥ್ಯಾಂಕ್ಸ್ ಹೇಳಬೇಕಿತ್ತು. ನನ್ನ ಬಾಯಿಂದ ಬಂದದ್ದು ಮಾತ್ರ, ಬೇಗ ರೀಲು ಹಾಕು, ನನ್ನ ಮನಸ್ಸು ಬದಲಾಗುವ ಮೊದಲು ಹಾಕು ಎಂಬ ಮಾತು. ಮೇವಿಸ್ ಪರದೆ ಎಳೆದು, ಮಧ್ಯಾಹ್ನದ ಬಿಸಿಲನ್ನು ಹೊರಗಿಟ್ಟು, ಅಡುಗೆಮನೆಗೆ ಹೋದಳು.

ಗೋಡೆಯ ಮೇಲೆ ಕುದುರೆಗಳು ಓಡಿದವು, ಧೂಳೆದ್ದಿತು. ಟ್ರೆವನ್ ಹಲ್ಲುಬಿಟ್ಟು ಏನೋ ಅಂದ. ಆಮೇಲೆ ಬಂಡೆ. ಅದರ ತುದಿಯಲ್ಲಿ ನನ್ನ ಮಡಿಲಲ್ಲಿದ್ದ ಕೋಟು ನಿಂತಿತ್ತು, ಭುಜ ಎರಡೂ ಸಮ. ಯಾರೋ ಕರೆದಂತೆ ಅವನು ತಿರುಗಿದ.

ಅಪ್ಪ, ಅಪ್ಪ ಎಂದು ಇಷ್ಟು ವರ್ಷ ಊರೂರು ಸುತ್ತಿದ್ದೆ. ಅಲ್ಲಿ ನಿಂತಿದ್ದವನು ನನ್ನ ಮಗನಿಗಿಂತ ಚಿಕ್ಕ ಹುಡುಗ. ಕಿವಿ ಅಗಲ, ಮೂಗಿನ ಮೇಲೆ ಸುಟ್ಟ ಚರ್ಮ, ತುಟಿ ಒಣಗಿದೆ. ನೆಟ್ಟಗೆ ಊಟವನ್ನೂ ಮಾಡಿಕೊಂಡು ಬಂದಿರಲಿಲ್ಲವೇನೋ. ಇಷ್ಟು ಎಳೆಯವನನ್ನು ಅಲ್ಲಿಗೆ ಹತ್ತಿಸಿದರಲ್ಲ ಎಂದು ನನ್ನ ಕರುಳು ಕಿವುಚಿತು, ಮಗಳ ಕರುಳಲ್ಲ, ತಾಯಿಯದು. ಹುಷಾರು ಕಂದ ಎಂದುಬಿಟ್ಟೆ. ಅಷ್ಟರಲ್ಲಿ ಅವನು ಆ ಕಡೆ ತಿರುಗಿ ಬಿದ್ದ.

ಹಿಂದಕ್ಕೆ ಸುತ್ತಿಸಿ ಮತ್ತೆ ಹಾಕಿಸಿದೆ. ಮುಖ ಬಂತು, ಹೋಯಿತು. ಮೂರನೆಯ ಸಲ ಒರಿನ್ನನ ತೋಳು ಹಿಡಿದುಕೊಂಡೆ.

“ತಿರುಗಿದ ಕೂಡ್ಲೆ ನಿಲ್ಸು. ಬೀಳೋಕ್ ಮುಂಚೆ.”

“ನಿಲ್ಸಕ್ಕಾಗಲ್ಲ ಕಣೇ. ಇದು ಹಳೇ ಮಿಷಿನ್ನು, ನಿಂತ್ರೆ ದೀಪದ ಬಿಸಿಗೆ ಫಿಲ್ಮು ಸುಟ್ಟೋಗುತ್ತೆ. ಅವನ ಮುಖಾನೇ ಮೊದ್ಲು ಹೋಗೋದು.” ಒರಿನ್ ಕಣ್ಣೊರೆಸಿಕೊಂಡ. “ಅವನನ್ನ ನೋಡ್ಬೇಕು ಅಂದ್ರೆ, ಬೀಳಕ್ಕೆ ಬಿಡ್ಬೇಕು.”

ನಾನು ತೋಳು ಬಿಟ್ಟೆ. ಓಡಿಸು ಎಂದೆ. ಮೇವಿಸ್ ಪೈ ಆರುತ್ತಿದೆ ಎಂದು ಬಂದು ಕರೆಯುವವರೆಗೆ ನಾವಿಬ್ಬರೂ ಆ ಹುಡುಗನನ್ನು ಮತ್ತೆ ಮತ್ತೆ ಬೀಳಿಸಿದೆವು.